ಮಂಗಲಚಿತ್ರವೂ ವೇತನಧರ್ಮವೂ

ನಮ್ಮ ವಿವಾಹವಿಧಿಯಲ್ಲಿ ಸಾಕ್ಷಿಯಾಗಿರತಕ್ಕವನು ಅಗ್ನಿ. ವಧೂವರರು ಏಳನೆಯ ಹೆಜ್ಜೆಯನ್ನಿಟ್ಟೊಡನೆ ವಿವಾಹವು ಪೂರ್ಣವಾಗುವುದೆಂದು ಧರ್ಮಶಾಸ್ತ್ರಕಾರರು ಹೇಳಿದುದನ್ನೇ, ಸಪ್ತಪದಿಯು ಆಚಾರದಲ್ಲಿರುವವರ ವಿಷಯದಲ್ಲಿ, 1955ರ ಹಿಂದೂ ವಿವಾಹ ಕಾನೂನಿನ ಏಳನೆಯ ಕಲಮೂ ಅಂಗೀಕರಿಸಿದೆ. ಚಿತ್ರವಿಲ್ಲದೆ ಹೋದರೆ ವಿವಾಹಕ್ಕೆ ಲೋಪವೇನೂ ಇಲ್ಲ. ನಮ್ಮ ಮುತ್ತಜ್ಜಂದಿರ ಲಗ್ನಗಳಿಗೆ ಚಿತ್ರಗಳಿರಲಿಲ್ಲ. ಅವರ ಸಂತತಿಯಾದ ನಾವಂತೂ ಇದ್ದೇವೆ. ಇಷ್ಟಾದರೂ ಇಂದಿನ ಗೃಹಸ್ಥನು ಕಲ್ಯಾಣಮಂಟಪವನ್ನು ಗೊತ್ತುಮಾಡಿದ ಮರುದಿನವೇ ಛಾಯಾಗ್ರಾಹಕನನ್ನು ಗೊತ್ತುಮಾಡುವನು; ಪುರೋಹಿತರನ್ನು ಆಮೇಲೆ ಹುಡುಕಿದರೂ ನಡೆಯುವುದು. ಅಗ್ನಿಯು ತಾನು ಕಂಡುದನ್ನು ಯಾರಿಗೂ ತಿರುಗಿ ತೋರಿಸಲಾರನು, ಕ್ಯಾಮೆರಾ ತೋರಿಸಬಲ್ಲದು. ಆದುದರಿಂದಲೇ ವೇತನಕ್ಕೆ ಬಂದ ಈ ಎರಡನೆಯ ಸಾಕ್ಷಿಗೆ ಮನೆಗಳಲ್ಲಿ ಅಷ್ಟೊಂದು ಆದರ.

ಈ ಸಾಕ್ಷಿಯು ತಪ್ಪಿದರೆ ಏನು? ಅವನು ಬರಲೇ ಇಲ್ಲ. ಅಥವಾ ಬಂದವನು ಧಾರೆಯ ಹೊತ್ತಿಗೆ ಊಟದ ಪಂಕ್ತಿಯಲ್ಲಿದ್ದನು. ಅಥವಾ ಚಿತ್ರಗಳನ್ನೆಲ್ಲ ತುಂಬಿಟ್ಟಿದ್ದ ಒಂದೇ ಒಂದು ಮೆಮೊರಿ ಕಾರ್ಡು ಕೆಟ್ಟುಹೋಯಿತು. ಅಥವಾ ವರ್ಷ ಕಳೆದರೂ ಆಲ್ಬಮು ಕೈಗೆ ಬರಲಿಲ್ಲ. ಇಂಥ ವ್ಯಾಜ್ಯಗಳು ಈಗ ನಮ್ಮ ಜಿಲ್ಲಾ ಗ್ರಾಹಕ ಆಯೋಗಗಳಲ್ಲಿ ಅಪೂರ್ವವಲ್ಲ. ಅವುಗಳನ್ನು ಕೇಳಿ ನಕ್ಕುಬಿಡುವವರುಂಟು. ಆದರೆ ನಗುವಿನ ಹಿಂದೆ ವಿಚಾರಣೀಯವಾದ ಒಂದು ಪ್ರಶ್ನೆಯಿದೆ: ಮತ್ತೆ ಬಾರದ ಒಂದು ದಿನದ ನೆನಪನ್ನು ಹಣಕ್ಕೆ ಒಪ್ಪಿಕೊಂಡವನು ಅದನ್ನು ಕಳೆದರೆ, ಅವನು ತೀರಿಸಬೇಕಾದ ಋಣ ಎಷ್ಟು?

ಪೂರ್ವಪಕ್ಷವನ್ನು ಮೊದಲು ಹೇಳೋಣ. ಛಾಯಾಗ್ರಾಹಕನು ಕೂಲಿಗಾಗಿ ಕೆಲಸ ಮಾಡುವವನು, ಕೆಲಸ ಕೆಟ್ಟಿತು, ಕೂಲಿಯನ್ನು ಹಿಂದಿರುಗಿಸಲಿ, ಅಲ್ಲಿಗೆ ಮುಗಿಯಿತು. ಬಡಗಿಯು ಕೆಡಿಸಿದ ಬಾಗಿಲನ್ನು ಇನ್ನೊಬ್ಬ ಬಡಗಿಯು ಸರಿಮಾಡುವನಷ್ಟೆ. ಮನಸ್ಸಿಗಾದ ನೋವನ್ನು ತೂಗುವ ತಕ್ಕಡಿಯು ಯಾವ ನ್ಯಾಯಾಧಿಪತಿಯ ಮೇಜಿನ ಮೇಲಿದೆ? ಈ ವಾದವು ನಿರಾಧಾರವಾದುದಲ್ಲ. ಕರಾರು ಮುರಿದುದಕ್ಕೆ ಭಾವನೆಗಳಿಗಾದ ನೋವಿನ ಲೆಕ್ಕ ಸೇರಿಸಕೂಡದೆಂದು ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಸಭೆಯು 1909ರಲ್ಲಿ, ಗ್ರಾಮಫೋನ್ ಕಂಪೆನಿಯೊಂದರ ನೌಕರನ ದಾವೆಯಲ್ಲಿ, ತೀರ್ಪು ಹೇಳಿತ್ತು. ನಮ್ಮ 1872ರ ಕರಾರು ಕಾನೂನಿನ 73ನೆಯ ಕಲಮು ಸಹ ದೂರದ ಮತ್ತು ಪರೋಕ್ಷವಾದ ನಷ್ಟಗಳಿಗೆ ಪರಿಹಾರವಿಲ್ಲವೆನ್ನುವುದು.

ಆದರೆ ಬಾಗಿಲಿನ ದೃಷ್ಟಾಂತವು ಇಲ್ಲಿ ಸಲ್ಲದು. ಮುಹೂರ್ತವೆಂಬುದು ಇನ್ನೊಬ್ಬನು ಬಂದು ಸರಿಮಾಡತಕ್ಕ ಪದಾರ್ಥವಲ್ಲ. ಅಂತಃಪಟವು ಸರಿದು, ಜೀರಿಗೆಬೆಲ್ಲವನ್ನು ತಲೆಯ ಮೇಲಿಟ್ಟು, ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಬಾರಿಗೆ ನೋಡುವ ಹೊತ್ತು ಎಷ್ಟು? ನಾಲ್ಕೈದು ನಿಮಿಷಗಳಿರಬಹುದು. ಅಷ್ಟರಲ್ಲಿ ಕಾಣದೆ ಹೋದುದು ಹೋಯಿತು. ಮೇಲಾಗಿ ಚಿತ್ರದ ಉಪಯೋಗವೇ ಮನಸ್ಸಿನ ಸಂತೋಷ. ಅದಕ್ಕೆ ಬೇರೆ ಉಪಯೋಗವಿಲ್ಲ. ಸಂತೋಷವನ್ನೇ ಕೊಡುತ್ತೇನೆಂದು ಹಣ ಪಡೆದವನು, ಸಂತೋಷ ಕೆಟ್ಟುದನ್ನು ಲೆಕ್ಕಕ್ಕೆ ತರಬೇಡಿರೆಂದು ಹೇಳುವುದು ಹೇಗೆ? 1971ರಲ್ಲಿ ಸ್ಕಾಟ್‌ಲೆಂಡಿನ ಒಬ್ಬ ಷೆರಿಫನು ಈ ನ್ಯಾಯವನ್ನೇ ಹಿಡಿದನು. ಒಪ್ಪಿಕೊಂಡ ಛಾಯಾಗ್ರಾಹಕನು ಮದುವೆಗೆ ಬಾರದೆ ಹೋಗಿದ್ದನು. ವಿವಾಹಚಿತ್ರಗಳು ಪೂರಾ ಮನೆತನದ ಮತ್ತು ಮನಸ್ಸಿನ ವಿಷಯವಾದುದರಿಂದ ವ್ಯಾಪಾರದ ಕರಾರುಗಳ ನಿಯಮವು ಇಲ್ಲಿ ಹೊಂದದೆಂದು ಹೇಳಿ, ವಧುವಿಗೆ 30 ಪೌಂಡುಗಳನ್ನು ಕೊಡಿಸಿದನು. ಕೆಟ್ಟ ಪ್ರವಾಸಕ್ಕಾಗಿ ಒಬ್ಬ ವಕೀಲನಿಗೆ ಲಂಡನ್ನಿನ ಮೇಲಿನ ನ್ಯಾಯಾಸ್ಥಾನವು ನಿರಾಶೆಯ ಪರಿಹಾರವನ್ನು ಕೊಡಿಸಿ ಪ್ರಸಿದ್ಧವಾದುದು ಇದರ ಮರುವರ್ಷ, 1972ರಲ್ಲಿ. ನಮ್ಮಲ್ಲಿಯೂ 1986ರ ಗ್ರಾಹಕ ಸಂರಕ್ಷಣ ಕಾನೂನು ಬಂದ ಮೇಲೆ, ಪರಿಹಾರವೆಂಬ ಶಬ್ದದಲ್ಲಿ ಮಾನಸಿಕ ಯಾತನೆಯೂ ಅಡಗಿದೆಯೆಂದು 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಮೂವತ್ತು ಪೌಂಡು ಎಂಬುದನ್ನು ವಾಚಕರು ಗಮನಿಸಬೇಕು. ನೋವಿದೆಯೆಂದು ಒಪ್ಪಿಕೊಂಡು, ಅದಕ್ಕೆ ಒಂದು ಎಲ್ಲೆಯನ್ನೂ ಹಾಕಿದ ಮೊತ್ತವದು. ಎಲ್ಲೆ ತಪ್ಪಿದರೆ ಎಲ್ಲಿಗೆ ಹೋಗಬಹುದೆಂಬುದಕ್ಕೆ ಅಮೆರಿಕದ ಎರಡು ವ್ಯಾಜ್ಯಗಳುಂಟು. ನ್ಯೂಯಾರ್ಕಿನ ಒಬ್ಬನು 2003ರ ಡಿಸೆಂಬರಿನಲ್ಲಿ ಮದುವೆಯಾದನು. ಚಿತ್ರಗಳಿಗೆ 4,100 ಡಾಲರು ಗೊತ್ತಾಗಿತ್ತು. ಕೊನೆಯ ಹದಿನೈದು ನಿಮಿಷಗಳ ಚಿತ್ರಗಳು ಬಿಟ್ಟುಹೋದುವೆಂದು ಅವನು 2009ರಲ್ಲಿ ದಾವೆ ಹೂಡಿ, ಕೊಟ್ಟ ಹಣವನ್ನು ಕೇಳಿದುದಲ್ಲದೆ, ನೆಂಟರಿಷ್ಟರನ್ನೆಲ್ಲ ಮತ್ತೆ ಕರೆಯಿಸಿ ಮದುವೆಯನ್ನು ಪುನಃ ಹೂಡಿ ಬೇರೊಬ್ಬನಿಂದ ಚಿತ್ರ ತೆಗೆಯಿಸಲು 48,000 ಡಾಲರನ್ನೂ ಕೇಳಿದನು. 2011ರಲ್ಲಿ ಈ ದಾವೆಯು ಪತ್ರಿಕೆಗಳಿಗೆ ಬರುವಷ್ಟರಲ್ಲಿ ಆ ದಾಂಪತ್ಯವೇ ಮುರಿದುಹೋಗಿತ್ತು! ದಾಂಪತ್ಯವು ಹೋದ ಮೇಲೆ ಅದರ ಚಿತ್ರಕ್ಕಾಗಿ ಹೋರಾಡಿದ ಈ ವಾದಿಯನ್ನು ನೋಡಿ ನಗಬೇಕೋ ಮರುಗಬೇಕೋ ತಿಳಿಯದು. ಅವನು ಕೇಳಿದುದು ಚಿತ್ರವನ್ನಲ್ಲ, ಕಳೆದುಹೋದ ದಿನವನ್ನು. ಅದನ್ನು ಕೊಡಿಸುವ ಅಧಿಕಾರ ಯಾವ ಪೀಠಕ್ಕೂ ಇಲ್ಲ.

ಇನ್ನೊಂದು ವ್ಯಾಜ್ಯ ಟೆಕ್ಸಾಸಿನ ಡಲ್ಲಾಸ್ ನಗರದ್ದು. ಆಲ್ಬಮಿನ ಹೊದಿಕೆಯ ಬೆಲೆ 125 ಡಾಲರನ್ನು ಬೇರೆಯಾಗಿ ಕೊಡಬೇಕೋ ಬೇಡವೋ ಎಂಬಲ್ಲಿ ಜಗಳ ಹುಟ್ಟಿತು. ದಂಪತಿಗಳು ದೂರದರ್ಶನದವರೆದುರಿಗೂ ಅಂತರ್ಜಾಲದಲ್ಲಿಯೂ ಛಾಯಾಗ್ರಾಹಕಿಯನ್ನು ಮೋಸಗಾತಿಯೆಂದು ಸಾರಿದರು. ಅವಳ ಉದ್ಯಮವು ಕೆಟ್ಟಿತು. 2017ರಲ್ಲಿ ಜ್ಯೂರಿಯು ಮಾನಹಾನಿಗಾಗಿ ಹತ್ತು ಲಕ್ಷದ ಎಂಬತ್ತು ಸಾವಿರ ಡಾಲರುಗಳನ್ನು ಅವಳಿಗೆ ಕೊಡಿಸಬೇಕೆಂದಿತು. ಒಂದು ಹೊದಿಕೆಯ ಜಗಳವು ಇಬ್ಬರ ಕೀರ್ತಿಯನ್ನೂ ನೆಮ್ಮದಿಯನ್ನೂ ನುಂಗಿತು. ಅಸಮಾಧಾನವನ್ನು ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಉಂಟು. ‘ನನಗೆ ಒಪ್ಪಿಗೆಯಾಗಲಿಲ್ಲ’ ಎಂಬುದಕ್ಕೂ ‘ಅವನು ಕಳ್ಳ’ ಎಂಬುದಕ್ಕೂ ಇರುವ ಅಂತರವು ಮಾತ್ರ ಕೋಪದಲ್ಲಿ ಕಾಣುವುದಿಲ್ಲ.

ಪ್ರಕೃತ ವಿಷಯಕ್ಕೆ ನೇರವಾಗಿ ತಗಲುವ ಮಾತೊಂದು ನಮ್ಮ ನಾಡಿನಲ್ಲಿಯೇ, ಸುಮಾರು ಒಂಬೈನೂರು ವರ್ಷಗಳ ಹಿಂದೆ ಬರೆದ ಗ್ರಂಥದಲ್ಲಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಅದರ ಹೆಸರನ್ನು ವಕೀಲರೆಲ್ಲರೂ ಬಲ್ಲರು. ವೇತನಾದಾನ ಪ್ರಕರಣವನ್ನು ಓದುವವರು ಕಡಮೆ. ಯಾಜ್ಞವಲ್ಕ್ಯನು ಅಲ್ಲಿ ಹೇಳುವುದು ಹೀಗೆ: ಕೂಲಿಯನ್ನು ಪಡೆದ ಮೇಲೆ ಕೆಲಸವನ್ನು ಬಿಟ್ಟವನು ಇಮ್ಮಡಿ ಕೊಡಬೇಕು, ಪಡೆಯದೆ ಒಪ್ಪಿಕೊಂಡು ಬಿಟ್ಟವನು ಕೂಲಿಯಷ್ಟನ್ನೇ ಕೊಡಬೇಕು. ಹೊತ್ತ ಸರಕು ರಾಜನಿಂದಾಗಲಿ ದೈವದಿಂದಾಗಲಿ ಅಲ್ಲದೆ ನಷ್ಟವಾದರೆ ಹೊತ್ತವನು ತುಂಬಿಕೊಡಬೇಕು. ಹೊರಡುವ ಪ್ರಯಾಣಕ್ಕೆ ವಿಘ್ನವನ್ನುಂಟುಮಾಡಿದವನು ಕೂಲಿಯ ಎರಡರಷ್ಟನ್ನು ಕೊಡಬೇಕು.

ಈ ಕೊನೆಯ ಮಾತನ್ನು ವಿಜ್ಞಾನೇಶ್ವರನು ಬಿಡಿಸುವಾಗ ಕೊಡುವ ಉದಾಹರಣೆಯೇ ವಿವಾಹ. ಮದುವೆಯೇ ಮೊದಲಾದ ಕಾರ್ಯಕ್ಕಾಗಿ ಶುಭದಿನದಲ್ಲಿ ಹೊರಟಿರುವ ಗೃಹಸ್ಥನಿಗೆ, ಅದಕ್ಕೆ ಬೇಕಾದ ಕೆಲಸವನ್ನು ಮೊದಲು ಒಪ್ಪಿಕೊಂಡಿದ್ದು, ಆ ಹೊತ್ತಿಗೆ ಸರಿಯಾಗಿ ‘ಮಾಡಲಾರೆ’ ಎಂದವನು ಇಮ್ಮಡಿ ತೆರಬೇಕು. ಏಕೆಂದರೆ ಅವನು ತಡೆದದ್ದು ಸಾಮಾನ್ಯವಾದ ಕೆಲಸವನ್ನಲ್ಲ, ಅತ್ಯಂತ ಮಹತ್ತ್ವದ ಕಾರ್ಯವನ್ನು. ಕ್ಯಾಮೆರಾವನ್ನು ಕನಸಿನಲ್ಲಿಯೂ ಕಾಣದ ವಿಜ್ಞಾನೇಶ್ವರನು ಮುಹೂರ್ತಕ್ಕೆ ಬಾರದ ಛಾಯಾಗ್ರಾಹಕನನ್ನು ಕಂಡಿದ್ದನೆಂದೇ ಹೇಳಬೇಕು. ಕೂಲಿಯೊಂದನ್ನೇ ಹಿಂದಕ್ಕೆ ಕೊಟ್ಟರೆ ಸಾಲದು, ಕಾಲವು ಕೆಟ್ಟಿದೆ ಎಂಬುದು ಇಲ್ಲಿನ ಒಂದು ಅಂಶ. ಕಾಲವು ಕೆಟ್ಟಿತೆಂದು ಬಾಯಿಗೆ ಬಂದಷ್ಟು ಕೇಳಕೂಡದು, ಎರಡರಷ್ಟೇ ಎಂಬುದು ಇನ್ನೊಂದು. ನೋವನ್ನು ಅಳೆಯಲು ಹೊರಡದೆ, ನೋವು ಉಂಟೆಂದು ಗುರುತು ಹಾಕಿ ಬಿಡುವುದು. ಸ್ಕಾಟ್‌ಲೆಂಡಿನ ಮೂವತ್ತು ಪೌಂಡಿಗಿಂತಲೂ ಈ ಕ್ರಮವು ನನಗೆ ಮೇಲಾಗಿ ತೋರುವುದು. ಅಲ್ಲಿ ಮೊತ್ತವು ನ್ಯಾಯಾಧಿಪತಿಯ ಬುದ್ಧಿಗೆ ಸೇರಿದುದು. ಇಲ್ಲಿ ಒಪ್ಪಂದ ಮಾಡಿಕೊಳ್ಳುವ ದಿನವೇ ಇಬ್ಬರಿಗೂ ತಿಳಿದಿರುವುದು.

ಈ ಪ್ರಕರಣದ ಮುಂದಿನ ಶ್ಲೋಕವು ಪ್ರಯಾಣವು ಮೊದಲಾದಾಗ ಬಿಟ್ಟವನಿಗೆ ಕೂಲಿಯ ಏಳನೆಯ ಒಂದು ಪಾಲು, ದಾರಿಯಲ್ಲಿ ಬಿಟ್ಟವನಿಗೆ ನಾಲ್ಕನೆಯ ಒಂದು ಪಾಲು, ಅರ್ಧದಾರಿಯಲ್ಲಿ ಬಿಟ್ಟವನಿಗೆ ಪೂರ್ಣ ಕೂಲಿ ಎಂದು ದಂಡವನ್ನು ಹೇಳಿ, ಕೆಲಸವನ್ನು ಬಿಡಿಸಿದ ಯಜಮಾನನಿಗೂ ಇದೇ ಎನ್ನುವುದು. ನಮ್ಮ ಯಜಮಾನರು ಇದನ್ನು ಮರೆಯುವರು. ಲಗ್ನಕ್ಕೆ ಎಂಟು ದಿನವಿರುವಾಗ ಕಡಮೆ ಬೆಲೆಯವನು ಸಿಕ್ಕಿದನೆಂದು ಮೊದಲಿನವನನ್ನು ಬಿಟ್ಟು, ಮುಂಗಡವನ್ನೂ ಹಿಂದಕ್ಕೆ ಕೇಳುವವರಿದ್ದಾರೆ. ಆ ದಿನವನ್ನು ಕಾದಿರಿಸಿ ಬೇರೆ ಮದುವೆಗಳನ್ನು ಬಿಟ್ಟುಕೊಟ್ಟವನ ಪಾಡು ಅವರಿಗೆ ಹೊಳೆಯುವುದಿಲ್ಲ.

ರಾಜ, ದೈವ ಎಂಬ ಎರಡು ಶಬ್ದಗಳನ್ನು ಮೇಲೆ ಹೇಳಿದೆನಷ್ಟೆ. 2020ರ ಮಾರ್ಚಿನಲ್ಲಿ ಎರಡೂ ಏಕಕಾಲಕ್ಕೆ ಬಂದುವು: ದೈವದಿಂದ ಕೋವಿಡ್ ಎಂಬ ಮಹಾಮಾರಿ, ರಾಜನಿಂದ ದೇಶಾದ್ಯಂತ ದಿಗ್ಬಂಧನದ ಆಜ್ಞೆ. ಗೊತ್ತಾದ ಲಗ್ನಗಳು ನಿಂತುವು. ಮುಂಗಡವು ಯಾರದೆಂಬ ಜಗಳಗಳು ಎದ್ದುವು. ಅಂಥ ಕಡೆ ಯಾರನ್ನೂ ದಂಡಿಸುವುದು ನ್ಯಾಯವಲ್ಲ. ನಷ್ಟವನ್ನು ಹಂಚಿಕೊಳ್ಳುವುದೇ ಸರಿ. ಆದರೆ ಎಲ್ಲ ನಷ್ಟವನ್ನೂ ದೈವದ ತಲೆಗೆ ಕಟ್ಟುವುದೂ ಸಲ್ಲದು. ಈಗಿನ ಒಳ್ಳೆಯ ಕ್ಯಾಮೆರಾಗಳಲ್ಲಿ ಎರಡು ಕಾರ್ಡುಗಳಿಗೆ ಸ್ಥಳವಿದ್ದು, ಒಂದೇ ಚಿತ್ರವು ಎರಡರಲ್ಲಿಯೂ ದಾಖಲಾಗುವಂತೆ ಮಾಡಬಹುದು. ಅದನ್ನು ಮಾಡದೆ, ಆ ರಾತ್ರಿಯೇ ಪ್ರತಿಯನ್ನೂ ತೆಗೆದಿಡದೆ, ಕಾರ್ಡು ಕೆಟ್ಟಿತೆಂದು ಕೈಮುಗಿದರೆ ಅದು ದೈವವಲ್ಲ, ಆಲಸ್ಯ. ಹಿಂದೆ ಮೂವತ್ತಾರು ಚಿತ್ರಗಳ ಸುರುಳಿಗಳಲ್ಲಿ ಕೆಲಸಮಾಡುತ್ತಿದ್ದವನಿಗೆ ಇಂಥ ನೆರವು ಇರಲಿಲ್ಲ. ತೊಳೆಯುವವರೆಗೂ ಏನು ಬಂದಿದೆಯೆಂದು ಅವನಿಗೇ ತಿಳಿಯದು. ಸಾಧನವು ಬೆಳೆದಷ್ಟೂ ದೈವದ ಪಾಲು ಕುಗ್ಗುವುದು, ಮನುಷ್ಯನ ಪಾಲು ಹೆಚ್ಚುವುದು.

ಇದಿಷ್ಟೂ ಕೆಲಸವು ಆಗದೆ ಹೋದಾಗಿನ ಮಾತು. ಕೆಲಸವಾಗಿದ್ದು ಮನಸ್ಸಿಗೆ ಒಪ್ಪದೆ ಹೋದಾಗಿನ ಮಾತು ಬೇರೆ. ‘ನಾನು ಚೆನ್ನಾಗಿ ಬಂದಿಲ್ಲ’ ಎಂಬುದು ದೂರಲ್ಲ; ಕನ್ನಡಿಯ ಮೇಲೆ ದಾವೆ ಹೂಡಿದವರನ್ನು ನಾನು ಕೇಳಿಲ್ಲ. ಛಾಯಾಗ್ರಾಹಕನು ಕೊಡಬೇಕಾದುದು ನಿಷ್ಠೆ: ಹೇಳಿದ ಹೊತ್ತಿಗೆ ಇರುವುದು, ಕಣ್ಣುಬಿಟ್ಟಿರುವುದು, ತೆಗೆದುದನ್ನು ಕಾಪಾಡಿ ಹೇಳಿದ ಅವಧಿಯೊಳಗೆ ತಂದುಕೊಡುವುದು. ಮೆಚ್ಚುಗೆಯನ್ನು ಯಾರೂ ಕರಾರಿನಲ್ಲಿ ಬರೆದುಕೊಡಲಾರರು. ನೆಂಟರು ಮಂಟಪದ ಮುಂದೆ ಫೋನುಗಳನ್ನೆತ್ತಿ ಗೋಡೆಯಂತೆ ನಿಂತು, ಮಾಂಗಲ್ಯಧಾರಣೆಯ ಚಿತ್ರದಲ್ಲಿ ಕೈಗಳೇ ಬಂದಿದ್ದರೆ ತಪ್ಪು ಯಾರದು?

ಆದರೂ ಒಂದು ಅಪವಾದವನ್ನು ಹೇಳದೆ ಇರಲಾರೆ. ಶ್ಯಾಮವರ್ಣದ ವಧುವನ್ನು ಕಂಪ್ಯೂಟರಿನಲ್ಲಿ ತಿದ್ದಿ ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿ ಕೊಡುವ ಪದ್ಧತಿಯು ಹಬ್ಬಿದೆ. ಕೆಲವು ಮನೆಗಳಲ್ಲಿ ಹಾಗೆ ಮಾಡೆಂದು ಕೇಳುವವರೂ ಉಂಟು. ಕೇಳದೆ ಮಾಡುವವರು ಹೆಚ್ಚು. ಸಾಕ್ಷಿಯಾಗಿ ಕರೆದವನು ಕಂಡುದನ್ನು ಬಿಟ್ಟು ಬೇರೆಯದನ್ನು ಹೇಳಿದರೆ ಅದಕ್ಕೆ ಕೂಟಸಾಕ್ಷ್ಯವೆಂದು ಹೆಸರು. ತನ್ನ ಮುಖವು ತನ್ನದಾಗಿಲ್ಲವೆಂದು ಒಬ್ಬ ಹೆಣ್ಣುಮಗಳು ಆಲ್ಬಮನ್ನು ಹಿಂದಿರುಗಿಸಿದರೆ, ಆ ದೂರು ರುಚಿಯದಲ್ಲ, ಸತ್ಯದ್ದು. ಕಟ್ಟಿದ ತಾಳಿಯನ್ನು ಕ್ಯಾಮೆರಾಕ್ಕಾಗಿ ಮತ್ತೊಮ್ಮೆ ಕಟ್ಟಿದಂತೆ ಅಭಿನಯಿಸಿರೆನ್ನುವುದೂ ಇದೇ ಜಾತಿಯದು. ಆದರೆ ಅಲ್ಲಿ ಮನೆಯವರೂ ಪಾಲುಗಾರರಾದುದರಿಂದ ದೂರಲು ಅವರಿಗೆ ಬಾಯಿಲ್ಲ.

ತೆಗೆದ ಚಿತ್ರಗಳು ಯಾರವು ಎಂಬಲ್ಲಿಯೂ ತಿಳಿವಳಿಕೆ ಸಾಲದು. ಹಣ ಕೊಟ್ಟು ತೆಗೆಯಿಸಿದ ಚಿತ್ರದ ಕೃತಿಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಯಿಸಿದವನದೇ ಎಂದು 1957ರ ನಮ್ಮ ಕಾನೂನಿನ 17ನೆಯ ಕಲಮು ಹೇಳುವುದು. ಅನೇಕ ಛಾಯಾಗ್ರಾಹಕರು ಕರಾರಿನ ಒಂದು ಸಣ್ಣ ಸಾಲಿನಿಂದ ಅದನ್ನು ತಮ್ಮದಾಗಿಸಿಕೊಳ್ಳುವರು. ಮನೆಯವರು ಓದದೆ ರುಜು ಹಾಕುವರು. ಬಳಿಕ ಮಗಳ ಚಿತ್ರವು ಅಂಗಡಿಯ ಜಾಹೀರಾತಿನಲ್ಲಿ ಕಂಡಾಗ ಎದೆ ಒಡೆಯುವುದು. 1888ರಲ್ಲಿಯೇ ಇಂಗ್ಲೆಂಡಿನಲ್ಲಿ ಒಬ್ಬ ಮಹಿಳೆಯ ಚಿತ್ರವನ್ನು ಕ್ರಿಸ್‌ಮಸ್ ಕಾರ್ಡಾಗಿ ಮಾಡಿ ಅಂಗಡಿಯಲ್ಲಿಟ್ಟ ಛಾಯಾಗ್ರಾಹಕನನ್ನು ನ್ಯಾಯಾಸ್ಥಾನವು ತಡೆದಿತ್ತು. ನನ್ನ ಅಭಿಪ್ರಾಯದಲ್ಲಿ ಈ ಚಿತ್ರಗಳು ನಮ್ಮ ಶಾಸ್ತ್ರದ ನಿಕ್ಷೇಪಕ್ಕೆ, ಎಂದರೆ ನಂಬಿ ಇಟ್ಟ ಒಡವೆಗೆ ಸಮಾನ. ಒಪ್ಪಿದ ಬಾಕಿಯನ್ನು ಕೇಳುವುದು ನ್ಯಾಯವೇ. ಒಪ್ಪದಿದ್ದ ಹೊಸ ಹಣವನ್ನು ಕೇಳಿ, ಅದು ಬರುವವರೆಗೆ ಚಿತ್ರಗಳನ್ನು ಒತ್ತೆಯಿಟ್ಟುಕೊಳ್ಳುವುದು ನಿಕ್ಷೇಪಾಪಹಾರವೇ ಸರಿ.

ಇಮ್ಮಡಿಯ ನಿಯಮವನ್ನು ಇಂದೂ ಬಳಕೆಗೆ ತರಲು ಅಡ್ಡಿಯಿಲ್ಲ. ಕರಾರು ಮುರಿದರೆ ಇಷ್ಟು ಕೊಡಬೇಕೆಂದು ಮೊದಲೇ ಬರೆದಿದ್ದರೆ, ಆ ಮೊತ್ತವನ್ನು ಮೀರದಂತೆ ಯುಕ್ತವಾದ ಪರಿಹಾರವನ್ನು ಕೊಡಿಸಬಹುದೆಂದು 1872ರ ಕಾನೂನಿನ 74ನೆಯ ಕಲಮು ಹೇಳುವುದು. ‘ಬಾರದೆ ಹೋದರೆ ಕೂಲಿಯ ಎರಡರಷ್ಟು’ ಎಂಬ ಒಂದು ಸಾಲು ಕನ್ನಡದಲ್ಲಿ ಬರೆದಿದ್ದರೆ ಎಷ್ಟೋ ಮನೆಗಳು ಆಯೋಗದ ಮೆಟ್ಟಲು ಹತ್ತಬೇಕಾಗಿಲ್ಲ. ಹತ್ತಲೇಬೇಕಾದವರು ನೆನಪಿಡಬೇಕಾದುದು, 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ದೂರಿಗೆ ಎರಡು ವರ್ಷಗಳ ಅವಧಿಯುಂಟು. ರಾಜಿ ಮಾಡಿಸುವ ವ್ಯವಸ್ಥೆಯೂ ಉಂಟು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಅವಧಿಯ ಮಾತು ಬಂದುದರಿಂದ ಒಂದು ಸಂದೇಹ ಉಳಿಯುವುದು. ಆಲ್ಬಮು ಮನೆಗೆ ಬಂದಿದೆ, ಬಾಕಿ ತೀರಿದೆ, ವರ್ಷಗಳೂ ಕಳೆದಿವೆ. ಒಂದು ದಿನ ಮನೆಯ ಅಜ್ಜಿಯು ತೀರಿಕೊಂಡಳು. ಆಲ್ಬಮಿಗೆ ಆರಿಸಿದ ಚಿತ್ರಗಳಲ್ಲಿ ಅವಳು ಎಲ್ಲಿಯೂ ಒಂಟಿಯಾಗಿಲ್ಲ. ಆರಿಸದೆ ಬಿಟ್ಟ ನೂರಾರು ಚಿತ್ರಗಳಲ್ಲಿ, ಅಕ್ಷತೆ ಹಿಡಿದು ಮೂಲೆಯ ಕುರ್ಚಿಯಲ್ಲಿ ಕುಳಿತವಳು ಒಂದರಲ್ಲಿ ಇದ್ದಾಳೆಂದು ಯಾರಿಗೋ ನೆನಪು. ಮೊಮ್ಮಗನು ಛಾಯಾಗ್ರಾಹಕನ ಬಾಗಿಲಿಗೆ ಹೋಗುವನು. ಅಷ್ಟು ಕಾಲ ಇಟ್ಟುಕೊಂಡಿರಬೇಕೆಂದು ಕರಾರಿನಲ್ಲಿಲ್ಲ. ಇಟ್ಟಿಲ್ಲವೆಂದರೆ ಯಾರೂ ಅವನನ್ನು ಕೇಳಲಾರರು. ಇಟ್ಟಿದ್ದರೆ ಅವನು ಹುಡುಕಿ ಕೊಡಲಿ. ಒಪ್ಪಿದುದಕ್ಕಿಂತ ಹೆಚ್ಚು ಕೆಲಸ ಮಾಡಿದವನಿಗೆ ಹೆಚ್ಚು ಕೂಲಿ ಕೊಡಬೇಕೆಂಬುದೂ ಯಾಜ್ಞವಲ್ಕ್ಯನ ಅದೇ ಪ್ರಕರಣದಲ್ಲಿದೆ; ಮೊಮ್ಮಗನು ಚೌಕಾಶಿ ಮಾಡದೆ ಕೊಡಲಿ.