ಐದು ಎಸಳು ಸಾಕು

ಯುವಜನರ ಕೂಟದ ಸಂದೇಶ
ಸತ್ಯವೇದ ಭಾಗ: ಮಾರ್ಕ 11:12–14, ಯೋಹಾನ 15:1–8

ಸತ್ಯವೇದ ತೆಗೆಯಿರಿ, ಫೋನ್‌ನಲ್ಲಿದ್ರೂ ಪರವಾಗಿಲ್ಲ, ಮಾರ್ಕ 11ನೇ ಅಧ್ಯಾಯ.

ಯೇಸುಸ್ವಾಮಿ ಬೇಥಾನ್ಯದಿಂದ ಬರ್ತಿದ್ದಾರೆ, ಹಸಿವಾಗಿದೆ. ದೂರದಲ್ಲಿ ಒಂದು ಅಂಜೂರದ ಮರ, ಮೈತುಂಬ ಎಲೆ. ಹತ್ತಿರ ಹೋಗಿ ನೋಡಿದರೆ ಎಲೆ ಬಿಟ್ಟು ಬೇರೇನೂ ಇಲ್ಲ. ಆ ಮರ ನೋಡೋಕೆ ಚೆನ್ನಾಗಿಯೇ ಇತ್ತು. ಫೋಟೋ ಹಾಕಿದ್ರೆ ಲೈಕ್ ಬರ್ತಿತ್ತು. ಆದರೆ ಹಸಿದು ಬಂದವರಿಗೆ ಕೊಡೋಕೆ ಅದರ ಹತ್ತಿರ ಏನೂ ಇರಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಒಂದು ಹೂವನ್ನು ನೋಡೋಣ. ಗುಲಾಬಿ ಅಂದ್ರೆ ನಮಗೆ ನೆನಪಾಗೋದು ಅಂಗಡಿಯ ಗುಲಾಬಿ: ಉದ್ದ ಕಡ್ಡಿ, ಒತ್ತೊತ್ತಾಗಿ 30–40 ಎಸಳು. ಯೂರೋಪಿನ ಬೇಲಿಗಳಲ್ಲಿ ತಾನಾಗಿ ಬೆಳೆಯುವ ಕಾಡು ಗುಲಾಬಿಯೊಂದಿದೆ, ಹೆಸರು ರೋಸಾ ಕ್ಯಾನಿನಾ. ಅದಕ್ಕಿರೋದು ಬರೀ 5 ಎಸಳು. ಬೇಗ ಉದುರಿಹೋಗುತ್ತೆ. ಬೊಕೆಗೆ ಯಾರೂ ಹಾಕಲ್ಲ.

ಮೊದಲನೆಯದು, ಅದು ತೆರೆದ ಹೂವು. ನಡುವೆ ಹಳದಿ ಕೇಸರಗಳ ಗುಂಪು, ಮೇಲೆ ಮುಚ್ಚಳ ಇಲ್ಲ. ಜೇನುಹುಳು ಬಂದು ನೇರವಾಗಿ ಇಳಿಯುತ್ತೆ, ಪರಾಗ ಹೊತ್ತು ಹೋಗುತ್ತೆ. ಗೂಡಿನ ಮರಿಗಳು ಬೆಳೆಯೋದು ಆ ಪರಾಗದಿಂದ. ಅಂಗಡಿ ಗುಲಾಬಿಗೆ ಅಷ್ಟು ಎಸಳು ಎಲ್ಲಿಂದ ಬಂತು ಗೊತ್ತಾ? ಪರಾಗ ಕೊಡಬೇಕಾದ ಕೇಸರಗಳೇ ಹೆಚ್ಚಾಗಿ ಎಸಳಾಗಿಬಿಟ್ಟಿವೆ. ಅಂಥ ಗಿಡಗಳನ್ನೇ ಮನುಷ್ಯ ಆರಿಸಿ ಆರಿಸಿ ಬೆಳೆಸಿದ. ಕೊಡೋ ಭಾಗ ತೋರಿಸೋ ಭಾಗ ಆಯ್ತು. ಜೇನುಹುಳು ಬಂದರೂ ಅದಕ್ಕೆ ಸಿಗೋದು ಕಡಿಮೆ.

ಪ್ರಿಯರೇ, ನಮ್ಮ ಜೀವನದಲ್ಲೂ ಹೀಗಾಗಿಲ್ವಾ? ಸ್ಟೇಟಸ್‌ನಲ್ಲಿ ದಿನಾ ವಾಕ್ಯ ಇದೆ, ಆರಾಧನೆಯ ರೀಲ್ಸ್ ಇದೆ. ಅದೇ ಪಿಜಿಯಲ್ಲಿ ಪಕ್ಕದ ಮಂಚದ ಹುಡುಗಿ ಎರಡು ವಾರದಿಂದ ಸರಿಯಾಗಿ ಊಟ ಮಾಡಿಲ್ಲ, ನಮಗೆ ಗೊತ್ತೇ ಇಲ್ಲ. ಕೆಲಸ ಹುಡುಕಿಕೊಂಡು ಊರಿಂದ ಬಂದ ತಮ್ಮ ಮೂರು ಭಾನುವಾರ ಕೊನೆಯ ಸಾಲಿನಲ್ಲಿ ಕೂತು ಹೋದ, ಹೆಸರು ಕೇಳಿದವರಿಲ್ಲ. ಹಸಿದವರು ನಮ್ಮ ಹತ್ತಿರ ಬಂದಾಗ ಏನು ಸಿಗುತ್ತೆ? ಎಸಳಾ, ಪರಾಗಾನಾ?

ಎರಡನೆಯದು, ಕಷ್ಟದ ಕಾಲಕ್ಕೆ ಅದರಲ್ಲಿ ಹಣ್ಣಿದೆ. ಹೂವು ಉದುರಿದ ಮೇಲೆ ಸಣ್ಣ ಕೆಂಪು ಹಣ್ಣು ಬಿಡುತ್ತೆ. ಚಳಿಗಾಲದಲ್ಲಿ ಬೇರೇನೂ ಸಿಗದಿದ್ದಾಗ ಹಕ್ಕಿಗಳು ಅದನ್ನು ತಿಂದು ಬದುಕುತ್ತವೆ, ಬೀಜವನ್ನೂ ದೂರ ಒಯ್ಯುತ್ತವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಹಡಗಿನಲ್ಲಿ ಕಿತ್ತಳೆ ಬರೋದು ಕಷ್ಟವಾಯ್ತು. ಆಗ ಶಾಲೆಯ ಮಕ್ಕಳು, ಹೆಂಗಸರು ಬೇಲಿ ಬೇಲಿ ಸುತ್ತಿ ಈ ಹಣ್ಣು ಕೊಯ್ದರು. ಅದರ ಸಿರಪ್‌ನಿಂದ ಚಿಕ್ಕ ಮಕ್ಕಳಿಗೆ ವಿಟಮಿನ್ ಸಿ ಸಿಕ್ಕಿತು. ಯಾರ ಕಣ್ಣಿಗೂ ಬೀಳದ ಮುಳ್ಳಿನ ಗಿಡ! ಹಲ್ಲೆಲೂಯಾ!

ಮೂರನೆಯದು, ಬೇರು. ಜರ್ಮನಿಯ ಹಿಲ್ಡೆಸ್‌ಹೈಮ್ ಊರಿನ ಕಥೀಡ್ರಲ್ ಗೋಡೆಗೆ ಇದೇ ಜಾತಿಯ ಹಳೇ ಗಿಡವೊಂದು ಹಬ್ಬಿಕೊಂಡಿದೆ. 1945ರ ಮಾರ್ಚ್ 22ರಂದು ಬಾಂಬ್ ಬಿದ್ದು ಕಥೀಡ್ರಲ್ ನಾಶವಾಯಿತು. ಗಿಡ ಸುಟ್ಟುಹೋಯಿತು, ಮೇಲೆ ಕಲ್ಲುಮಣ್ಣಿನ ರಾಶಿ. ಆದರೆ ಬೇರು ಸತ್ತಿರಲಿಲ್ಲ. ಅದೇ ವರ್ಷ ಮತ್ತೆ ಚಿಗುರಿತು.

ಇಲ್ಲಿ ಕೂತವರಲ್ಲಿ ಕೆಲವರು ಹೀಗೇ ಸುಟ್ಟುಹೋಗಿದ್ದೀರಿ. ಲೇಆಫ್ ಆಗಿದೆ, ಮನೆಯಲ್ಲಿ ಹೇಳಿಲ್ಲ. ಸೇವೆ ಮಾಡಿ ಮಾಡಿ ಒಳಗೆ ಒಣಗಿಹೋಗಿದೆ. "ಬ್ರದರ್, ನನ್ನ ಹತ್ತಿರ ಕೊಡೋಕೆ ಏನೂ ಉಳಿದಿಲ್ಲ" ಅಂತೀರಿ. ಸರಿ, ಈಗ ಎಸಳು ತಯಾರಿಸೋಕೆ ಹೋಗಬೇಡಿ. ಯೋಹಾನ 15ರಲ್ಲಿ ಕರ್ತನು ಕೊಂಬೆಗೆ ಹೇಳಿದ್ದು ಹಣ್ಣನ್ನು ಕಷ್ಟಪಟ್ಟು ತಯಾರಿಸು ಅಂತಲ್ಲ, ನನ್ನಲ್ಲಿ ನೆಲೆಗೊಂಡಿರು ಅಂತ. ಆತನಲ್ಲಿ ಬೇರಿದ್ದರೆ ಚಿಗುರು ಬಂದೇ ಬರುತ್ತೆ. ಆಮೆನ್ ಹೇಳ್ತೀರಾ?

ಈ ವಾರ ಒಂದೇ ಕೆಲಸ. ಪೋಸ್ಟ್ ಹಾಕದೆ, ಯಾರಿಗೂ ಹೇಳದೆ, ಒಬ್ಬರ ಪಕ್ಕ ಕೂತು ಊಟ ಮಾಡಿ, ಅವರ ಮಾತು ಕೇಳಿ, ಅವರಿಗಾಗಿ ಪ್ರಾರ್ಥಿಸಿ. ಐದು ಎಸಳು ಸಾಕು.

ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ತಂದೆಯೇ, ಹಸಿದು ಬರುವವರಿಗೆ ನಮ್ಮನ್ನು ತೆರೆದಿಡು. ಸುಟ್ಟುಹೋದ ನಿನ್ನ ಮಕ್ಕಳನ್ನು ಪವಿತ್ರಾತ್ಮನಿಂದ ಚಿಗುರಿಸು. ಯೇಸುಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ಆಮೆನ್.