ಸಕುಟುಂಬ ಶಕಟ ಮೀಮಾಂಸೆ

ನ್ಯೂಯಾರ್ಕ್ ನಗರದ ಕಾಲುದಾರಿಯಲ್ಲಿ ಒಂದೇ ಮನೆಯವರು ಕೂಡಿ ಹಾಟ್ ಡಾಗ್ ಗಾಡಿಯನ್ನು ನಡೆಸುವುದು ಈ ಅಧಿಕರಣದ ವಿಷಯ. ಅಂಥ ಉದ್ಯಮದಲ್ಲಿ ಒಬ್ಬೊಬ್ಬರಿಗೆ ಸಲ್ಲುವ ಪಾಲು ಬಂಧುತ್ವದಿಂದಲೇ ಹುಟ್ಟುತ್ತದೆಯೋ, ಬಂಧುತ್ವಕ್ಕಿಂತ ಅನ್ಯವಾದ ಕಾರಣದಿಂದ ಹುಟ್ಟುತ್ತದೆಯೋ ಎಂಬುದು ಸಂಶಯ. ಸಾಸೇಜಿನ ರುಚಿ, ಬನ್ನಿನ ಮೃದುತ್ವ, ಗಿರಾಕಿಯನ್ನು ನಿಲ್ಲಿಸುವ ಮಾತಿನ ಚಾತುರ್ಯ ಇವು ಇಲ್ಲಿ ವಿಚಾರ್ಯವಲ್ಲ. ಅವು ಪಾಕಶಾಸ್ತ್ರಕ್ಕೂ ವಣಿಗ್ವಿದ್ಯೆಗೂ ಸೇರಿದವು.

ಮೊದಲು ಗಾಡಿಯ ಲಕ್ಷಣ. ಚಕ್ರಯುಕ್ತವೂ ಎಂಜಿನ್‌ರಹಿತವೂ ಆಗಿದ್ದು, ಸಾರ್ವಜನಿಕ ಕಾಲುದಾರಿಯಲ್ಲಿ ನಿಂತು, ಮುಂಚೆಯೇ ಬೆಂದ ಸಾಸೇಜನ್ನು ಬಿಸಿನೀರಿನಲ್ಲಿ ಕಾಯಿಸಿ ಬನ್ನಿನೊಳಗಿಟ್ಟು ಕೂಡಲೇ ತಿನ್ನಲು ಮಾರುವ ಸಾಧನವೇ ಹಾಟ್ ಡಾಗ್ ಗಾಡಿ. ಇದರ ಪದಕೃತ್ಯ ಹೀಗೆ. ‘ಎಂಜಿನ್‌ರಹಿತ’ ಎಂಬುದರಿಂದ ಫುಡ್ ಟ್ರಕ್ಕಿನಲ್ಲಿ ಬರುವ ಅತಿವ್ಯಾಪ್ತಿ ತಪ್ಪುತ್ತದೆ. ‘ಕಾಲುದಾರಿಯಲ್ಲಿ’ ಎಂಬುದರಿಂದ ಬಾಡಿಗೆಯ ಮಳಿಗೆ ಹೊರಗುಳಿಯುತ್ತದೆ. ‘ಮುಂಚೆಯೇ ಬೆಂದ’ ಎಂಬ ವಿಶೇಷಣವು ಹಸಿಮಾಂಸವನ್ನು ಕಾವಲಿಯ ಮೇಲೆ ಬೇಯಿಸುವ ಹಲಾಲ್ ಗಾಡಿಯನ್ನು ವ್ಯಾವರ್ತಿಸುತ್ತದೆ. ಅದೇ ಗಾಡಿಯಲ್ಲಿ ಪ್ರೆಟ್ಜೆಲ್, ಸೋಡಾ, ನೀರಿನ ಬಾಟಲಿಗಳನ್ನು ಮಾರಿದರೆ ಲಕ್ಷಣಭಂಗವಾಗುವುದಿಲ್ಲ. ಅವು ಅಂಗಗಳು, ಸಾಸೇಜು ಪ್ರಧಾನ. ಹಾಟ್ ಡಾಗ್ ಸ್ಯಾಂಡ್‌ವಿಚ್ಚಿನ ಒಂದು ಭೇದವೇ ಎಂಬ ಹಳೆಯ ವಿವಾದವೊಂದುಂಟು. ಅಮೆರಿಕದ ನ್ಯಾಷನಲ್ ಹಾಟ್ ಡಾಗ್ ಅಂಡ್ ಸಾಸೇಜ್ ಕೌನ್ಸಿಲ್ 2015ರಲ್ಲಿ ಅಲ್ಲವೆಂದು ಸಾರಿತು. ನ್ಯೂಯಾರ್ಕ್ ರಾಜ್ಯದ ಮಾರಾಟ ತೆರಿಗೆಯ ವಿವರಣೆಯು ಬನ್ನಿನೊಳಗಿನ ಹಾಟ್ ಡಾಗನ್ನು ಸ್ಯಾಂಡ್‌ವಿಚ್ಚಿನ ಪಟ್ಟಿಯಲ್ಲೇ ಸೇರಿಸಿದೆ. ವ್ಯಾಪಾರಿಗೆ ಎರಡನೆಯ ಪ್ರಮಾಣವೇ ಬಲವತ್ತರ, ಏಕೆಂದರೆ ಮೊದಲನೆಯದು ದಂಡ ಹಾಕಲಾರದು.

ಪ್ರಕೃತದಲ್ಲಿ ‘ಕುಟುಂಬ’ವೆಂದರೆ ರಕ್ತದಿಂದಲೋ ವಿವಾಹದಿಂದಲೋ ಬದ್ಧರಾಗಿ ಗಾಡಿಯ ಆದಾಯದಲ್ಲಿ ಪಾಲನ್ನು ಅಪೇಕ್ಷಿಸುವವರ ಸಮೂಹ. ರಜೆಯ ದಿನ ಬಂದು ಛತ್ರಿ ಬಿಚ್ಚಿಕೊಟ್ಟು ಹೋಗುವ ಸೋದರಮಾವನಿಗೆ ಅಪೇಕ್ಷೆಯಿಲ್ಲದ ಕಾರಣ ಅವನು ಬಂಧುವಾದರೂ ಇಲ್ಲಿ ಕುಟುಂಬವಲ್ಲ. ಅಪೇಕ್ಷೆಯಿದ್ದೂ ಬಾಯಿಬಿಡದವನು ಕುಟುಂಬದೊಳಗಿನವನೇ. ವಸ್ತುತಃ ಮುಂದೆ ಬರುವ ಬಹುತೇಕ ವ್ಯಾಜ್ಯಗಳಿಗೆ ಇಂಥವನೇ ನಿಮಿತ್ತ.

ಉದ್ಯಮಕ್ಕೆ ಒದಗುವ ದ್ರವ್ಯ ತ್ರಿವಿಧ: ಧನ, ಶ್ರಮ, ಅಧಿಕಾರ. ಧನದ ವಿಷಯದಲ್ಲಿ ಹೇಳತಕ್ಕದ್ದು ಅಲ್ಪ. ಗಾಡಿ, ಪ್ರೊಪೇನ್ ಸಿಲಿಂಡರು, ರಾತ್ರಿ ಗಾಡಿಯನ್ನು ನಿಲ್ಲಿಸಿ ತೊಳೆಯುವ ಕಮಿಸರಿಯ ಬಾಡಿಗೆ, ಮೊದಲ ವಾರದ ಸರಕು ಇಷ್ಟೇ. ಶ್ರಮ ಪುನಃ ದ್ವಿವಿಧ, ದೃಶ್ಯ ಮತ್ತು ಅದೃಶ್ಯ. ಹಬೆಯಾಡುವ ಸ್ಟೀಲ್ ತೊಟ್ಟಿಯ ಮುಚ್ಚಳವನ್ನು ಒಂದು ಕೈಯಲ್ಲಿ ಅರೆಬರೆ ಎತ್ತಿ, ಇನ್ನೊಂದು ಕೈಯ ಇಕ್ಕಳದಿಂದ ಸಾಸೇಜನ್ನು ಹಿಡಿದು ನೀರು ಬಸಿಯುವಷ್ಟು ಹೊತ್ತು ಅಲ್ಲೇ ತಡೆದು, ಬನ್ನಿನ ಸೀಳಿಗೆ ಇಳಿಸಿ, ಸಾಸಿವೆ ಸಾಸಿನ ಒಂದು ಗೆರೆ ಎಳೆದು, ಟೊಮೇಟೊ ಬೆರೆತ ಕೆಂಪು ಈರುಳ್ಳಿ ಗೊಜ್ಜನ್ನು ಮೇಲೆ ಹರಡಿ ಕಾಗದದಲ್ಲಿ ಕೊಡುವವನ ಶ್ರಮ ದೃಶ್ಯ. ನಸುಕಿನಲ್ಲಿ ಸರಕು ತರುವುದು, ನೀರಿನ ಟ್ಯಾಂಕು ತುಂಬುವುದು, ಬಿಸಿ ಪದಾರ್ಥ 140 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ 60 ಸೆಲ್ಸಿಯಸ್‌ಗಿಂತ, ಕೆಳಗಿಳಿಯದಂತೆ ಥರ್ಮಾಮೀಟರ್ ನೋಡುತ್ತಿರುವುದು, ರಾತ್ರಿ ಚಿಲ್ಲರೆ ಎಣಿಸಿ ತೆರಿಗೆಯ ಲೆಕ್ಕ ಬರೆಯುವುದು ಅದೃಶ್ಯ. ಮನೆಗಳಲ್ಲಿ ದೃಶ್ಯಶ್ರಮಕ್ಕೆ ಹೊಗಳಿಕೆ ಸಲ್ಲುತ್ತದೆ, ಅದೃಶ್ಯಕ್ಕೆ ಅದೂ ಇಲ್ಲ.

ಅಧಿಕಾರದ ವಿಷಯ ಸೂಕ್ಷ್ಮ. ಅದು ವ್ಯಕ್ತಿನಿಷ್ಠ ಮತ್ತು ವಸ್ತುನಿಷ್ಠ ಎಂದು ಎರಡು ಬಗೆ. ಲೈಸೆನ್ಸು ಮಾರುವ ವ್ಯಕ್ತಿಗೆ ಅಂಟಿದ್ದು, ಪರ್ಮಿಟ್ಟು ಗಾಡಿಗೆ ಅಂಟಿದ್ದು. ಒಂದಿದ್ದು ಇನ್ನೊಂದಿಲ್ಲದೆ ಮಾರಾಟ ಸಿದ್ಧಿಸದು. ಲೈಸೆನ್ಸು ವ್ಯಕ್ತಿನಿಷ್ಠವಾದ್ದರಿಂದ ಒಬ್ಬರ ಲೈಸೆನ್ಸು ಇನ್ನೊಬ್ಬರ ಕೈಗೆ ಸಂಕ್ರಮಿಸುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅಣ್ಣ ಶೌಚಕ್ಕೆ ಹೋದಾಗ ಲೈಸೆನ್ಸಿಲ್ಲದ ಅತ್ತಿಗೆ ಇಕ್ಕಳ ಹಿಡಿದರೆ ಆ ಹತ್ತು ನಿಮಿಷದ ಮಾರಾಟ ಅನಧಿಕೃತ. ಮದುವೆಯ ಉಂಗುರ ತೋರಿಸಿದರೆ ಇನ್ಸ್‌ಪೆಕ್ಟರು ಒಪ್ಪುವುದಿಲ್ಲ. ಕುಟುಂಬದ ಗಾಡಿಯಲ್ಲಿ ಎಲ್ಲರೂ ಎಲ್ಲ ಕೆಲಸಕ್ಕೂ ಒದಗುತ್ತಾರೆಂಬ ಲೌಕಿಕ ನಂಬಿಕೆ ಇಲ್ಲಿಯೇ ಬಾಧಿತವಾಗುತ್ತದೆ. ಪರ್ಮಿಟ್ಟಿನ ಸಂಖ್ಯೆಗೆ ನಗರವು 1983ರಲ್ಲಿ ಸುಮಾರು 3,000ದ ಮಿತಿ ಹಾಕಿತು. ಬೇಡಿಕೆ ಬೆಳೆದು ಮಿತಿ ಬೆಳೆಯದಿದ್ದಾಗ, ಕೆಲವು ನೂರು ಡಾಲರ್ ಶುಲ್ಕದ ಪರ್ಮಿಟ್ಟು ಎರಡು ವರ್ಷಕ್ಕೆ 20,000 ಡಾಲರಿನ ಆಸುಪಾಸಿಗೆ ಕಳ್ಳಬಾಡಿಗೆಗೆ ಹೋಗತೊಡಗಿತು. 2021ರ ಕಾನೂನು ವರ್ಷಕ್ಕೆ 445ರಂತೆ ಹತ್ತು ವರ್ಷ ಹೊಸ ಮೇಲ್ವಿಚಾರಣಾ ಲೈಸೆನ್ಸುಗಳನ್ನು ಕೊಡಬೇಕೆಂದೂ, ಅದನ್ನು ಪಡೆದವನು ಮಾರಾಟದ ವೇಳೆ ಗಾಡಿಯ ಬಳಿ ಸ್ವತಃ ಇರಬೇಕೆಂದೂ ವಿಧಿಸಿತು. ಈ ಸನ್ನಿಧಿನಿಯಮದ ಫಲ ಮುಂದೆ ಸ್ಪಷ್ಟವಾಗುತ್ತದೆ.

ಈಗ ಪೂರ್ವಪಕ್ಷ. ಬಂಧುತ್ವವೇ ಪಾಲಿಗೆ ಕಾರಣ. ಅವಿಭಕ್ತ ಕುಟುಂಬದಲ್ಲಿ ಸಹೋದರರು ಕೂಡಿ ದುಡಿದು ಸಾಮಾನ್ಯಧನವನ್ನು ಹೆಚ್ಚಿಸಿದರೆ ವಿಭಾಗ ಸಮವೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಗಾಡಿಯೂ ಹಾಗೆ ಬೆಳೆದ ಸಾಮಾನ್ಯಧನ. ಆದ್ದರಿಂದ ತಲೆಗೊಂದು ಸಮಪಾಲು ಸಂದರೆ ಸಾಕು, ಬೇರೆ ಲೆಕ್ಕ ಬೇಡ, ಎಂದು.

ಇದು ಸಲ್ಲದು. ಅದೇ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದಾಯವಿಭಾಗ ಒಂದು ಪ್ರಕರಣ, ಸಂಭೂಯಸಮುತ್ಥಾನ ಮತ್ತೊಂದು. ಮೊದಲನೆಯದರಲ್ಲಿ ಸಹೋದರರಿಗೆ ಸಮಪಾಲು. ಎರಡನೆಯದರಲ್ಲಿ, ಲಾಭಕ್ಕಾಗಿ ಕೂಡಿದ ವಣಿಜರಿಗೆ, ಲಾಭನಷ್ಟಗಳು ಹೂಡಿದ ದ್ರವ್ಯಕ್ಕೆ ಅನುಸಾರ ಅಥವಾ ಅವರು ಮಾಡಿಕೊಂಡ ಸಂವಿದಕ್ಕೆ ಅನುಸಾರ. ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆ ಈ ಸ್ಮೃತಿಗೇ ವ್ಯಾಖ್ಯಾನ. ಎರಡು ಪ್ರಕರಣಗಳು ಬೇರೆಯಾಗಿ ನಿಂತಿರುವುದೇ ಎರಡು ಸಂಬಂಧಗಳು ಬೇರೆಯೆಂಬುದಕ್ಕೆ ಗಮಕ. ದಾಯದ ಧನ ಮುಂಚೆಯೇ ಸಿದ್ಧವಾಗಿರುತ್ತದೆ, ಅಲ್ಲಿ ಮಿತಾಕ್ಷರೆಯ ಮತದಂತೆ ಹುಟ್ಟೇ ಹಕ್ಕನ್ನು ಕೊಡುತ್ತದೆ. ಗಾಡಿಯ ಧನವಾದರೋ ಇನ್ನೂ ಸಾಧ್ಯ, ನಾಳೆ ಮಳೆ ಬಂದರೆ ಅಸಾಧ್ಯವೂ ಆಗಬಹುದು. ಸಾಧ್ಯದಲ್ಲಿ ಜನ್ಮಸಿದ್ಧ ಸ್ವತ್ವವೆಂಬುದು ಅಸಂಭವದೋಷದಿಂದ ದುಷ್ಟ. ಪಿತೃಧನಕ್ಕೆ ಬಾಧೆಯಿಲ್ಲದೆ ತಾನೇ ಗಳಿಸಿದ್ದು ವಿಭಾಜ್ಯವಲ್ಲವೆಂದು ಅದೇ ದಾಯಪ್ರಕರಣ ಹೇಳುವುದನ್ನು ಪೂರ್ವಪಕ್ಷಿ ಮರೆತಿದ್ದಾನೆ.

ಪೂರ್ವಪಕ್ಷಿ ಮತ್ತೆ ಏಳುತ್ತಾನೆ. ಗಾಡಿ ನಿಂತಿರುವುದು ನ್ಯೂಯಾರ್ಕಿನಲ್ಲಿ, ಅಲ್ಲಿನ ಪಾಲುದಾರಿಕೆಯ ಕಾನೂನೇ ಪ್ರಮಾಣ. ಇಬ್ಬರು ಅಥವಾ ಹೆಚ್ಚು ಮಂದಿ ಸಹಸ್ವಾಮಿಗಳಾಗಿ ಲಾಭಾರ್ಥ ವ್ಯಾಪಾರ ನಡೆಸಿದರೆ ಪತ್ರವಿಲ್ಲದೆಯೂ ಅದು ಪಾಲುದಾರಿಕೆ. ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ ಎಲ್ಲರಿಗೂ ಸಮ. ಹೀಗೆ ಆ ಕಾನೂನು ಪರಕೀಯರನ್ನೂ ಸಹೋದರರಂತೆ ಕಾಣುವಾಗ ಸಹೋದರರನ್ನು ವಣಿಜರಂತೆ ಕಾಣುವುದೇಕೆ?

ಆಕ್ಷೇಪ ಪ್ರಬಲ, ಉತ್ತರವನ್ನು ನಿಧಾನವಾಗಿ ಕಟ್ಟಬೇಕು. ಆ ಕಾನೂನಿನ ಸಮಭಾಗನಿಯಮ ವಿಧಿಯಲ್ಲ, ಸಂವಿದದ ಅಭಾವದಲ್ಲಿ ಪ್ರವರ್ತಿಸುವ ಶೇಷನಿಯಮ ಮಾತ್ರ. ಮೇಲಾಗಿ ಅದರ ಜೊತೆಗೆ ಇನ್ನೊಂದು ನಿಯಮವಿದೆ: ಒಪ್ಪಂದವಿಲ್ಲದಿದ್ದರೆ ಪಾಲುದಾರನಿಗೆ ದುಡಿಮೆಗಾಗಿ ಪ್ರತ್ಯೇಕ ಸಂಬಳವಿಲ್ಲ. ಅಣ್ಣ 12,000 ಡಾಲರ್ ಹಾಕಿ ಮನೆಯಲ್ಲಿದ್ದಾನೆ, ತಮ್ಮ ಕಾಸು ಹಾಕದೆ ದಿನವಿಡೀ ಗಾಡಿಯ ಹಿಂದೆ ನಿಂತಿದ್ದಾನೆ, ತಂಗಿಯ ಹೆಸರಿನಲ್ಲಿ ಪರ್ಮಿಟ್ಟಿದೆ ಎಂದು ಕಲ್ಪಿಸೋಣ. ಸಮಭಾಗದ ಪ್ರಕಾರ ಮಲಗಿದವನಿಗೂ ನಿಂತವನಿಗೂ ಒಂದೇ ಪಾಲು, ನಿಂತದ್ದಕ್ಕೆ ಏನೂ ಇಲ್ಲ. ದ್ರವ್ಯಾನುಸಾರದ ಪ್ರಕಾರ ತಮ್ಮನಿಗೆ ಶೂನ್ಯ. ಎರಡು ನಿಯಮಗಳೂ ಶ್ರಮವನ್ನು ಕಾಣವು. ಆದ್ದರಿಂದ ಸ್ಮೃತಿಯ ಎರಡನೆಯ ವಿಕಲ್ಪವಾದ ಸಂವಿದವೇ ಇಲ್ಲಿ ಗತಿ. ಅದರ ಕ್ರಮ: ಮಾರಾಟದಿಂದ ಸರಕು, ಗ್ಯಾಸು, ಕಮಿಸರಿ, ತೆರಿಗೆಗಳನ್ನು ಕಳೆದ ಮೇಲೆ ಮೊದಲು ಶ್ರಮಕ್ಕೆ ಗಂಟೆಯ ಲೆಕ್ಕದ ಭೃತಿ, ಅದೃಶ್ಯಶ್ರಮಕ್ಕೂ ಅದೇ ದರ, ಅನಂತರ ಧನದ ಕಂತು ಹಿಂತಿರುಗಬೇಕು, ಉಳಿದದ್ದಕ್ಕೆ ಮಾತ್ರ ಸಮಪಾಲು. ಹೀಗೆ ಸಮತ್ವ ಬಾಧಿತವಾಗುವುದಿಲ್ಲ, ಅದಕ್ಕೆ ವಿಷಯವ್ಯವಸ್ಥೆಯಾಗುತ್ತದೆ.

ಪರ್ಮಿಟ್ಟಿಗಾಗಿ ತಂಗಿಗೆ ಪಾಲು ಬೇಡವೇ ಎಂದರೆ, ಬೇಡ. ಧನವೂ ಶ್ರಮವೂ ಪಾಲಿನ ಹೇತುಗಳು, ಅಧಿಕಾರವಾದರೋ ನಿಮಿತ್ತಮಾತ್ರ. ಅದಿಲ್ಲದೆ ಫಲವಿಲ್ಲ, ಆದರೆ ಫಲದ ಪ್ರಮಾಣವನ್ನು ಅದು ನಿರ್ಧರಿಸದು. ಅಧಿಕಾರಕ್ಕೆ ಬೆಲೆ ಕಟ್ಟಿದೊಡನೆ ಅದು ಬಾಡಿಗೆಯ ರೂಪ ತಾಳುತ್ತದೆ, ಪರ್ಮಿಟ್ಟಿನ ಬಾಡಿಗೆ ನಿಷಿದ್ಧ. ತಂಗಿಗೆ ಕೊಟ್ಟರೂ ಕಳ್ಳಬಾಡಿಗೆ ಕಳ್ಳಬಾಡಿಗೆಯೇ. ಸನ್ನಿಧಿನಿಯಮದ ಅಭಿಪ್ರಾಯವೂ ಇದೇ: ಅಧಿಕಾರವುಳ್ಳವನು ನಿಂತು ದುಡಿಯಲಿ, ದುಡಿದದ್ದಕ್ಕೆ ಪಡೆಯಲಿ.

ಇನ್ನೊಬ್ಬ ವಾದಿ ಹೇಳುತ್ತಾನೆ: ಮನೆಯವರ ಶ್ರಮ ಪುಕ್ಕಟೆ, ಅದರಿಂದಲೇ ಕುಟುಂಬದ ಗಾಡಿಗೆ ಲಾಭ ಹೆಚ್ಚು, ಭೃತಿ ಕೊಟ್ಟರೆ ಆ ಲಾಭವೇ ಹೋಯಿತು. ಇಲ್ಲಿ ಲಾಭ ಮತ್ತು ಅದತ್ತವೇತನ ಎಂಬ ಎರಡರ ಅವಿವೇಕವಿದೆ. ಕೊಡದ ಸಂಬಳವನ್ನು ಲಾಭವೆಂದು ಎಣಿಸುವವನಿಗೆ, ಮಗ ಕಾಲೇಜಿಗೆ ಹೋದ ತಿಂಗಳಲ್ಲೇ ನಷ್ಟ ಎದುರಾಗುತ್ತದೆ. ಆ ನಷ್ಟ ಮೊದಲಿನಿಂದಲೂ ಇತ್ತು, ಮಗನ ಬೆನ್ನ ಹಿಂದೆ ಅಡಗಿತ್ತು ಅಷ್ಟೇ. ಮೇಲಾಗಿ ಮಕ್ಕಳಿಗೆ ಸಂಬಳ ಕೊಡುವುದರಿಂದಲೇ ಪ್ರಯೋಜನವುಂಟು. ತಂದೆ ಅಥವಾ ತಾಯಿ ಏಕಸ್ವಾಮಿಯಾಗಿರುವ, ಇಲ್ಲವೇ ತಂದೆತಾಯಿಗಳಿಬ್ಬರೇ ಪಾಲುದಾರರಾಗಿರುವ ವ್ಯಾಪಾರದಲ್ಲಿ 18 ತುಂಬದ ಸ್ವಂತ ಮಗುವಿನ ಸಂಬಳಕ್ಕೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆಗಳಿಲ್ಲ. ‘ಇಬ್ಬರೇ’ ಎಂಬ ಅವಧಾರಣೆಯನ್ನು ಗಮನಿಸಬೇಕು. ಚಿಕ್ಕಪ್ಪ ಮೂರನೆಯ ಪಾಲುದಾರನಾಗಿ ಬಂದ ಕ್ಷಣ ಆ ವಿನಾಯಿತಿ ನಿವೃತ್ತವಾಗುತ್ತದೆ. ಮಗು ಅದೇ, ಗಾಡಿ ಅದೇ, ಚಿಕ್ಕಪ್ಪನೂ ಮನೆಯವನೇ. ಆದರೂ ಕಾನೂನಿನ ದೃಷ್ಟಿಯಲ್ಲಿ ಕುಟುಂಬದ ಗಡಿ ಅಲ್ಲಿಗೆ ಮುಗಿಯಿತು. ಚಿಕ್ಕಪ್ಪನ ಧನ ಬೇಕಿದ್ದರೆ ಅವನನ್ನು ಸಾಲಿಗನಾಗಿ ಸೇರಿಸಿಕೊಳ್ಳುವುದು ಮೇಲು, ಪಾಲುದಾರನಾಗಿ ಅಲ್ಲ.

ಬರೆದಿಡುವುದು ವಿಶ್ವಾಸಕ್ಕೆ ಅವಮಾನವೆಂಬ ವಾದವೂ ಕೇಳಿಬರುತ್ತದೆ. ಬರೆಯದಿದ್ದರೂ ಪಾಲುದಾರಿಕೆ ಹುಟ್ಟಿಯೇ ಇರುತ್ತದೆ, ಅದರ ನಿಯಮಗಳನ್ನು ಅಪ್ಪ ಬರೆಯುವ ಬದಲು ಶಾಸನಸಭೆ ಬರೆದಿರುತ್ತದೆ. ಬಿಸಿನೀರು ಚೆಲ್ಲಿ ದಾರಿಹೋಕನಿಗೆ ಸುಟ್ಟರೆ ಪರಿಹಾರದ ಹೊಣೆ ಗಾಡಿಯ ಬೆಲೆಗೆ ನಿಲ್ಲದು, ಪಾಲುದಾರರ ಸ್ವಂತ ಆಸ್ತಿಗೂ ತಾಗುತ್ತದೆ. ಸೀಮಿತ ಹೊಣೆಯ ಕಂಪನಿ (ಎಲ್‌ಎಲ್‌ಸಿ) ರಚಿಸುವುದಕ್ಕೂ ವಿಮೆ ಮಾಡಿಸುವುದಕ್ಕೂ ಇದೇ ಬೀಜ.

ಇವೆಲ್ಲಕ್ಕೂ ವಿರುದ್ಧವಾದ ಅಂತವೊಂದಿದೆ: ಬಂಧುಗಳೊಡನೆ ವ್ಯಾಪಾರವೇ ವರ್ಜ್ಯ. ಇದಕ್ಕೆ ದೃಷ್ಟಾಂತವಾಗಿ ಕೋನಿ ಐಲೆಂಡಿನ ಹ್ಯಾಂಡ್‌ವರ್ಕರ್ ಮನೆತನವನ್ನು ಹೇಳುವುದುಂಟು. ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಐದು ಸೆಂಟಿಗೆ ಹಾಟ್ ಡಾಗ್ ಮಾರತೊಡಗಿದ, ಪತ್ನಿ ಐಡಾಳ ದುಡಿಮೆ ಅದಕ್ಕೆ ಕೂಡಿಕೊಂಡಿತು. ಮಕ್ಕಳ ಕಾಲಕ್ಕೆ ಮರ್ರೆ ವಿಸ್ತರಣವಾದಿಯಾದ. ಸಾಲ್ 1963ರಲ್ಲಿ ಹೊರಬಂದು ತನ್ನದೇ ಹೋಟೆಲು ತೆರೆದ. 1987ರಲ್ಲಿ ಸಂಸ್ಥೆ ಮನೆತನದ ಕೈಬಿಟ್ಟಿತು. ಡೆಟ್ರಾಯಿಟಿನಲ್ಲಿ ಗ್ರೀಸಿನಿಂದ ಬಂದ ಕೆರೋಸ್ ಸಹೋದರರ ಅಮೆರಿಕನ್ ಕೋನಿ ಐಲೆಂಡ್, ಲಫಾಯೆಟ್ ಕೋನಿ ಐಲೆಂಡ್ ಎಂಬ ಎರಡು ಹೋಟೆಲುಗಳು ಒಂದೇ ಗೋಡೆಯ ಆಚೀಚೆ ಪ್ರತಿಸ್ಪರ್ಧಿಗಳಾಗಿ ನಿಂತಿವೆ. ಇವು ಮಳಿಗೆಗಳಾದ್ದರಿಂದ ನಮ್ಮ ಲಕ್ಷಣದೊಳಗೆ ಬರುವುದಿಲ್ಲ, ದೃಷ್ಟಾಂತವಾಗಿ ಮಾತ್ರ ಗ್ರಾಹ್ಯ. ಹಾಗೆ ಗ್ರಹಿಸಿದರೂ ಪ್ರತಿವಾದಿಗೆ ಅನುಕೂಲವಿಲ್ಲ. ಅಮೆರಿಕನ್ ತಲೆಮಾರುಗಳಿಂದ ಕೆರೋಸ್ ಮನೆಯವರದೇ. ಲಫಾಯೆಟ್ 1991ರಲ್ಲಿ ನೌಕರರ ಕೈಸೇರಿಯೂ ನಿಲ್ಲಲಿಲ್ಲ. ಹ್ಯಾಂಡ್‌ವರ್ಕರರದು ಏಳು ದಶಕ ನಡೆದ ಕುಟುಂಬವ್ಯಾಪಾರ. ವಿಭಾಗವಾಯಿತೆಂಬುದು ಸಂಭೂಯಸಮುತ್ಥಾನದ ವೈಫಲ್ಯಕ್ಕೆ ಸಾಧಕವಲ್ಲ. ವಿಭಾಗಯೋಗ್ಯವಾದದ್ದನ್ನು ಗಳಿಸಿದವರಿಗೆ ಮಾತ್ರ ವಿಭಾಗ ಸಾಧ್ಯ.

ಗಾಡಿಯ ವಿಭಾಗದಲ್ಲಿ ಕೊನೆಗೆ ಉಳಿಯುವುದು ಜಾಗದ ಪ್ರಶ್ನೆ. ಗಾಡಿಯನ್ನು ಮಾರಿ ಹಣ ಹಂಚಬಹುದು, ಈರುಳ್ಳಿ ಗೊಜ್ಜಿನ ವಿಧಾನವನ್ನು ಇಬ್ಬರೂ ಒಯ್ಯಬಹುದು, ಆ ಮೂಲೆ ಯಾರಿಗೆ? ಇಲ್ಲಿ ಉದ್ಯಾನ ಮತ್ತು ಕಾಲುದಾರಿಯ ಭೇದ ಅವಶ್ಯ. ನಗರದ ಉದ್ಯಾನಗಳಲ್ಲಿ ಜಾಗವನ್ನು ಟೆಂಡರಿನ ಮೂಲಕ ಅವಧಿಗೆ ಕೊಡುತ್ತಾರೆ. ಸೆಂಟ್ರಲ್ ಪಾರ್ಕಿನ ಮೃಗಾಲಯದ ಬಳಿಯ ಒಂದೇ ಗಾಡಿಯ ಜಾಗಕ್ಕೆ 2013ರಲ್ಲಿ ವರ್ಷಕ್ಕೆ 2,89,500 ಡಾಲರ್ ಸಲ್ಲುತ್ತಿತ್ತು. ಅಂಥ ಜಾಗ ಕರಾರಿನಲ್ಲಿ ಹೆಸರಿದ್ದವನದು. ಕಾಲುದಾರಿಯಲ್ಲಿಯಾದರೋ ಕಟ್ಟಡದ ಬಾಗಿಲಿನಿಂದ 20 ಅಡಿ, ಪಾದಚಾರಿ ದಾಟುದಾರಿಯಿಂದ 10 ಅಡಿ ಬಿಟ್ಟು ನಿಲ್ಲಬೇಕೆಂಬ ನಿಯಮಗಳಿವೆಯೇ ಹೊರತು ಮೂಲೆಯ ಮೇಲೆ ಯಾವ ವ್ಯಾಪಾರಿಗೂ ಸ್ವತ್ವವಿಲ್ಲ. ಸ್ವತ್ವವಿಲ್ಲದ್ದಕ್ಕೆ ವಿಭಾಗವೂ ಇಲ್ಲ. ಇಪ್ಪತ್ತು ವರ್ಷ ತಂದೆ ಅಲ್ಲಿ ನಿಂತಿದ್ದನೆಂಬುದು ಗಿರಾಕಿಗಳಿಗೆ ಗೊತ್ತಿರಬಹುದು, ನಗರಕ್ಕೆ ಅದು ಅಪ್ರಮಾಣ. ಬೇರೆಯಾದ ಸಹೋದರರಿಬ್ಬರಿಗೂ ಅದೇ ಮೂಲೆ ಬೇಕಿದ್ದರೆ ಬೆಳಗಿನ ಪಾಳಿ ಒಬ್ಬನಿಗೆ, ಸಂಜೆಯದು ಇನ್ನೊಬ್ಬನಿಗೆ ಎಂದು ಸಂವಿದದಲ್ಲೇ ಬರೆದುಕೊಳ್ಳತಕ್ಕದ್ದು. ಅದು ಅವರಿಬ್ಬರನ್ನು ಮಾತ್ರ ಬಂಧಿಸುತ್ತದೆ, ಮುಂಜಾನೆ ಮುಂಚಿತವಾಗಿ ಬಂದು ಅಲ್ಲಿ ಗಾಡಿ ನಿಲ್ಲಿಸಿದ ಮೂರನೆಯವನನ್ನು ಬಂಧಿಸುವುದಿಲ್ಲ.