ಗೇಣಿ ಚೀಟಿಯ ಆಚೆಗೆ

ಸಮಾಜವಾದ ಮೊದಲು ಕೇಳುವುದು ಇಷ್ಟೇ: ಹತ್ತು ಮನೆಯ ಅನ್ನದ ಮೂಲ ಒಬ್ಬನ ಕೈಯಲ್ಲಿ ಏಕಿರಬೇಕು?

ದಾನದ ಅಕ್ಕಿಗೂ ಹಕ್ಕಿನ ಅಕ್ಕಿಗೂ ರುಚಿ ಒಂದೇ. ಉಣ್ಣುವವನ ಬೆನ್ನು ಬೇರೆ.

ಕರಾವಳಿಯಲ್ಲಿ ಅಕ್ಕಿಮುಡಿ ಕಟ್ಟಿದವನು ಒಕ್ಕಲು, ಮುಡಿ ಎಣಿಸಿದವನು ಧಣಿ. ಆ ಎಣಿಕೆ ಮಳೆಯನ್ನು ಕೇಳುತ್ತಿರಲಿಲ್ಲ.

ಮೂಲಗೇಣಿಯವನಿಗೆ ನೆಲದ ಭರವಸೆಯಿತ್ತು. ಚಾಲಗೇಣಿಯವನಿಗೆ ಮುಂದಿನ ವರ್ಷದ ಭರವಸೆಯೂ ಇರಲಿಲ್ಲ. ನಾಳೆ ಇಲ್ಲದವನು ತೆಂಗು ನೆಡುವುದಿಲ್ಲ. ನೆಡದವನನ್ನು ಸೋಮಾರಿ ಎನ್ನುವುದು ಸುಲಭ.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ತಲೆತಲಾಂತರದ ಗೇಣಿಯನ್ನು ಮುಗಿಸಿದ್ದು 7ನೇ ನಮೂನೆಯ ಒಂದು ಅರ್ಜಿ.

ಆ ಅರ್ಜಿ, ಅಂದರೆ ಡಿಕ್ಲರೇಶನ್, ಕೊಡಲು ಅಂಜಿದವರೂ ಇದ್ದರು. ಧಣಿಯ ಅನ್ನ ಉಂಡು ಎದುರು ನಿಲ್ಲುವುದು ಹೇಗೆ ಎಂದರು. ಆ ಅನ್ನವನ್ನು ಬೆಳೆದವರು ಅವರೇ.

ನ್ಯಾಯವೂ ಗಾಯ ಮಾಡುತ್ತದೆ. ಧಣಿಯ ಗುತ್ತಿನ ಮನೆಯ ನೂರು ಎಕರೆಯೂ ಗೇಣಿಯಿಂದಲೇ ಉಣ್ಣುತ್ತಿದ್ದ ವಿಧವೆಯ ಎರಡು ಎಕರೆಯೂ ಕಾನೂನಿನ ಕಣ್ಣಿಗೆ ಒಂದೇ ಆದವು. ಗುತ್ತಿನವರಿಗೆ ಹೋದದ್ದು ಆಸ್ತಿ, ವಿಧವೆಗೆ ಹೋದದ್ದು ಅಶನ. ಇದನ್ನು ಮುಚ್ಚಿಟ್ಟು ಸಮಾಜವಾದವನ್ನು ಹೊಗಳಬಾರದು.

ಈ ಕಾನೂನಿಗೆ ಬಹಳ ಮೊದಲೇ, ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ಸಹಕಾರದಲ್ಲಿ ಪಾಲು ಎಷ್ಟಿದ್ದರೂ ಮತ ಒಂದೇ. ಸರಕಾರವನ್ನು ಕಾಯದೆ ಬಂದ ಸಮಾಜವಾದ ಅದು.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಸಂಗ್ರಹಿಸಿತು. 1969ರಲ್ಲಿ ಅದು ರಾಷ್ಟ್ರದ್ದಾಯಿತು. ಅದರೊಳಗಿನ ಎರಡಾಣೆಗಳು ಮೊದಲಿನಿಂದಲೂ ಬಡವರವೇ.

2020ರ ಏಪ್ರಿಲ್ 1ರಂದು ಸಿಂಡಿಕೇಟ್, ಕಾರ್ಪೊರೇಶನ್, ಉಡುಪಿಯಲ್ಲಿ ಹುಟ್ಟಿದ ಎರಡೂ ಬ್ಯಾಂಕುಗಳ ಹೆಸರು ವಿಲೀನದಲ್ಲಿ ಅಳಿಯಿತು. ತೀರ್ಮಾನ ಆದದ್ದು ದೆಹಲಿಯಲ್ಲಿ. ಸರಕಾರದ್ದೆಲ್ಲ ಜನರದ್ದಲ್ಲ.

ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಎಂಬ ಮಾತು ಸೇರಿದ್ದು 1976ರ ತಿದ್ದುಪಡಿಯಲ್ಲಿ. ತುರ್ತು ಪರಿಸ್ಥಿತಿಯ ಆ ವರ್ಷ ಮಂಗಳೂರಿನ ಸಮಾಜವಾದಿ ಜಾರ್ಜ್ ಫರ್ನಾಂಡಿಸ್ ಜೈಲಿನಲ್ಲಿದ್ದರು. ಸಮತೆ ಕೊಡುವೆನೆಂದು ಬಾಯಿ ಕಟ್ಟುವವನು ಕೊನೆಗೆ ಎರಡನ್ನೂ ಉಳಿಸುವುದಿಲ್ಲ.

ಸೀಮೆಯಿಲ್ಲದ ಸ್ವತ್ತು ನೆರೆಯವನನ್ನು ನುಂಗುತ್ತದೆ. ಸೀಮೆಯಿಲ್ಲದ ಸರಕಾರ ಇಬ್ಬರನ್ನೂ.

ಕೋಟದ ಶಿವರಾಮ ಕಾರಂತರು ‘ಚೋಮನ ದುಡಿ’ ಕಾದಂಬರಿ ಪ್ರಕಟಿಸಿದ್ದು 1933ರಲ್ಲಿ. ಚೋಮ ಬೇಡಿದ್ದು ಬೇಸಾಯಕ್ಕೊಂದು ತುಂಡು ನೆಲ. 41 ವರ್ಷ ಕಳೆದು ಬಂದ ಕಾನೂನು ಉಳುವವನೇ ಒಡೆಯ ಎಂದಿತು. ಆದರೆ ಚೋಮ ಗೇಣಿದಾರನಲ್ಲ. ಒಕ್ಕಲಿಗೆ ಗದ್ದೆ ಸಿಕ್ಕಿತು. ಒಕ್ಕಲಿನ ಗದ್ದೆಯಲ್ಲಿ ಕೆಸರು ತುಳಿದ ಕೂಲಿಯಾಳಿಗೆ ಕಾನೂನು ಬರೆದಿಟ್ಟದ್ದು ಗುಡಿಸಲು ನಿಂತ ಜಾಗದ ಹಕ್ಕು. ಕೆಳಗಿನವನು ಮೇಲೆ ಬಂದಾಗ ಅವನಿಗಿಂತ ಕೆಳಗಿದ್ದವನು ಕಾಣಬೇಕಿತ್ತು.

ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದೆಂದದ್ದು ಅದೇ ಭೂಸುಧಾರಣೆ ಕಾನೂನಿನ 2020ರ ತಿದ್ದುಪಡಿ. ಉಳುವವನಿಗಾಗಿ ಬರೆದ ಕಾನೂನು ಕೊಳ್ಳುವವನಿಗೆ ಬಾಗಿಲು ತೆರೆಯಿತು.

ಕಾಪುವಿನಲ್ಲೂ ಕಾರ್ಕಳದಲ್ಲೂ ಬೇಸಾಯವಿಲ್ಲದೆ ಹಡಿಲು ಬಿದ್ದ ಗದ್ದೆಗಳಿವೆ. ಗೇಣಿ ಚೀಟಿ ಇಲ್ಲದಿದ್ದವರ ಮೊಮ್ಮಕ್ಕಳು ಅದೇ ಊರುಗಳಲ್ಲಿ ಐದು ಸೆಂಟ್ಸ್ ಜಾಗದ ಮೇಲಿದ್ದಾರೆ.